ಆರ್ಮಾಂಡ್ ಟ್ರೂಸೋ

ಆರ್ಮಾಂಡ್ ಟ್ರೂಸೋ (ಅಕ್ಟೋಬರ್ 14, 1801 – ಜೂನ್ 23, 1867) ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಪ್ರಸಿದ್ಧ ವೈದ್ಯರು, ವೈದ್ಯಶಾಸ್ತ್ರದ ಅಧ್ಯಾಪಕರು ಮತ್ತು ಗ್ರಂಥಕರ್ತರು. ದೇಹದೊಳಗೆ ಅಡಗಿರುವ ಕ್ಯಾನ್ಸರ್‌ಗೂ ಅಭಿಧಮನಿಗಳಲ್ಲಿ ರಕ್ತ ತಾನಾಗಿಯೇ ಹೆಪ್ಪುಗಟ್ಟುವುದಕ್ಕೂ ಇರುವ ಸಂಬಂಧವನ್ನು 1865ರಲ್ಲಿ ಸ್ಪಷ್ಟವಾಗಿ ವಿವರಿಸಿದವರು ಇವರು. ಈ ಲಕ್ಷಣವನ್ನು ವೈದ್ಯಲೋಕ ಇಂದಿಗೂ ಟ್ರೂಸೋ ಲಕ್ಷಣಕೂಟ ಎಂದು ಕರೆಯುತ್ತದೆ. ತಾವೇ ಬೋಧಿಸಿದ ಈ ಲಕ್ಷಣವನ್ನು ಎರಡು ವರ್ಷಗಳೊಳಗೆ ತಮ್ಮ ದೇಹದಲ್ಲೇ ಗುರುತಿಸಿ, ತಮಗೆ ಕ್ಯಾನ್ಸರ್ ಇದೆಯೆಂದು ನಿರ್ಣಯಿಸಿಕೊಂಡ ಟ್ರೂಸೋ ಕೆಲವೇ ತಿಂಗಳುಗಳಲ್ಲಿ ಜಠರದ ಕ್ಯಾನ್ಸರ್‌ನಿಂದ ನಿಧನರಾದರು. ರಕ್ತದ ಕಿರುತಟ್ಟೆಗಳು ಸ್ತನ ಕ್ಯಾನ್ಸರ್ ಮುಂತಾದ ಗಂತಿಗಳ ಹರಡುವಿಕೆಗೆ ಹೇಗೆ ನೆರವಾಗುತ್ತವೆ ಎಂಬ ಇಂದಿನ ಸಂಶೋಧನೆಯ ಇತಿಹಾಸವನ್ನು ಸಾಮಾನ್ಯವಾಗಿ ಇವರ ಹೆಸರಿನಿಂದಲೇ ಆರಂಭಿಸಲಾಗುತ್ತದೆ.

ಬಾಲ್ಯ ಮತ್ತು ಶಿಕ್ಷಣ

ಟ್ರೂಸೋ ಜನಿಸಿದ್ದು ಲ್ವಾರ್ ನದಿಯ ದಂಡೆಯಲ್ಲಿರುವ ಟೂರ್ ಪಟ್ಟಣದಲ್ಲಿ. ಅವರು ಮೊದಲು ಆರಿಸಿಕೊಂಡದ್ದು ವೈದ್ಯವೃತ್ತಿಯನ್ನಲ್ಲ, ಅಧ್ಯಾಪನವನ್ನು. ಶಾತೊರೂ ಪಟ್ಟಣದ ವಿದ್ಯಾಲಯದಲ್ಲಿ ಸಾಹಿತ್ಯ ಮತ್ತು ವಾಗ್ಮಿತೆಯನ್ನು ಕೆಲಕಾಲ ಕಲಿಸಿದರು. ಮುಂದೆ ವೈದ್ಯಶಾಸ್ತ್ರದ ಕಡೆಗೆ ತಿರುಗಿದರೂ ಭಾಷೆಯ ಮೇಲಿನ ಹಿಡಿತ ಅವರನ್ನು ಬಿಡಲಿಲ್ಲ. ಅವರ ಉಪನ್ಯಾಸಗಳ ಸ್ಪಷ್ಟತೆ ಮತ್ತು ರೋಗವರ್ಣನೆಗಳ ಜೀವಂತಿಕೆಗೆ ಈ ಆರಂಭದ ತರಬೇತಿಯೂ ಒಂದು ಕಾರಣವೆಂದು ಭಾವಿಸಲಾಗಿದೆ.

ಟೂರ್‌ನ ಆಸ್ಪತ್ರೆಯಲ್ಲಿ ಅವರಿಗೆ ಗುರುವಾಗಿ ದೊರೆತವರು ಪಿಯೆರ್ ಬ್ರೆತೊನೋ (1778–1862). ಗಂಟಲಮಾರಿಯನ್ನು ಪ್ರತ್ಯೇಕ ರೋಗವೆಂದು ಗುರುತಿಸಿ, ಅದಕ್ಕೆ ಡಿಫ್ತೀರಿಯ ಎಂಬ ಹೆಸರಿನ ಮೂಲರೂಪವನ್ನು ಕೊಟ್ಟವರು ಬ್ರೆತೊನೋ. ರೋಗಿ ಬದುಕಿರುವಾಗ ಕಂಡ ಲಕ್ಷಣಗಳನ್ನು ಮರಣಾನಂತರದ ಶವಪರೀಕ್ಷೆಯಲ್ಲಿ ಕಂಡ ಬದಲಾವಣೆಗಳೊಂದಿಗೆ ಹೋಲಿಸಿ ನೋಡುವುದು ಅವರ ಪದ್ಧತಿಯಾಗಿತ್ತು. ಪ್ರತಿಯೊಂದು ರೋಗಕ್ಕೂ ತನ್ನದೇ ಆದ ಕಾರಣ ಮತ್ತು ಸ್ವರೂಪ ಇರುತ್ತದೆ, ಎಲ್ಲ ಜ್ವರಗಳೂ ಒಂದೇ ಅಲ್ಲ ಎಂಬ ನಿಲುವನ್ನು ಟ್ರೂಸೋ ಪಡೆದದ್ದು ಇವರಿಂದ. ಗುರುವಿನ ಮೇಲಿನ ಗೌರವವನ್ನು ಅವರು ಕೊನೆಯವರೆಗೂ ಉಳಿಸಿಕೊಂಡರು. ಮುಂದೆ ಶಸ್ತ್ರವೈದ್ಯರಾಗಿ ಹೆಸರಾದ ಆಲ್ಫ್ರೆಡ್ ವೆಲ್ಪೋ ಕೂಡ ಬ್ರೆತೊನೋ ಅವರ ಶಿಷ್ಯರೇ.

ಅಲ್ಲಿಂದ ಪ್ಯಾರಿಸ್‌ಗೆ ತೆರಳಿದ ಟ್ರೂಸೋ 1825ರಲ್ಲಿ ವೈದ್ಯಪದವಿ ಪಡೆದರು.

ವೃತ್ತಿಜೀವನ

1828ರಲ್ಲಿ ಫ್ರಾನ್ಸ್ ಸರ್ಕಾರವು ದೇಶದ ದಕ್ಷಿಣ ಭಾಗದಲ್ಲಿ ಹರಡಿದ್ದ ಸಾಂಕ್ರಾಮಿಕ ರೋಗಗಳ ಪರಿಶೀಲನೆಗೆ ಟ್ರೂಸೋ ಅವರನ್ನು ನೇಮಿಸಿತು. ಅದೇ ವರ್ಷ ಹಳದಿ ಜ್ವರದ ಅಧ್ಯಯನಕ್ಕಾಗಿ ಜಿಬ್ರಾಲ್ಟರ್‌ಗೆ ಹೋದ ಆಯೋಗದಲ್ಲಿ ಅವರೂ ಸದಸ್ಯರಾಗಿದ್ದರು. ಮರಳಿ ಬಂದ ಮೇಲೆ, 1830ರಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಪ್ಯಾರಿಸ್‌ನ ಆಸ್ಪತ್ರೆಗಳ ವೈದ್ಯರಾಗಿ ಆಯ್ಕೆಯಾದರು.

1837ರಲ್ಲಿ ಧ್ವನಿಪೆಟ್ಟಿಗೆಯ ಕ್ಷಯವನ್ನು ಕುರಿತ ಗ್ರಂಥಕ್ಕಾಗಿ ವೈದ್ಯಕೀಯ ಅಕಾಡೆಮಿಯ ಮಹಾಬಹುಮಾನ ಅವರಿಗೆ ಲಭಿಸಿತು. ಇದೇ ಅವಧಿಯಲ್ಲಿ ಎರ್ಮಾನ್ ಪಿದೂ ಅವರೊಡನೆ ಸೇರಿ ಚಿಕಿತ್ಸಾಶಾಸ್ತ್ರ ಮತ್ತು ಔಷಧದ್ರವ್ಯಗಳನ್ನು ಕುರಿತ ದೊಡ್ಡ ಗ್ರಂಥವನ್ನು ಬರೆದರು. ಅದು ಹಲವಾರು ಮುದ್ರಣಗಳನ್ನು ಕಂಡಿತು. 1839ರಲ್ಲಿ ಸೇಂತ್ ಆಂತ್ವಾನ್ ಆಸ್ಪತ್ರೆಯ ವೈದ್ಯರಾಗಿಯೂ ಪ್ಯಾರಿಸ್ ವೈದ್ಯಕೀಯ ವಿಭಾಗದಲ್ಲಿ ಚಿಕಿತ್ಸಾಶಾಸ್ತ್ರದ ಪ್ರಾಧ್ಯಾಪಕರಾಗಿಯೂ ನೇಮಕಗೊಂಡರು. 1848ರ ಕ್ರಾಂತಿಯ ನಂತರ ರಚನೆಯಾದ ಸಂವಿಧಾನ ಸಭೆಗೆ ಚುನಾಯಿತರಾಗಿ ಸ್ವಲ್ಪಕಾಲ ರಾಜಕೀಯದಲ್ಲಿಯೂ ಇದ್ದರು.

1850ರ ದಶಕದ ಆರಂಭದಿಂದ ಅವರು ಪ್ಯಾರಿಸ್‌ನ ಅತಿ ಹಳೆಯ ಆಸ್ಪತ್ರೆಯಾದ ಒತೆಲ್ ದಿಯೂನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಅವರ ಹೆಸರು ಯೂರೋಪಿನಾದ್ಯಂತ ಹರಡಿದ್ದು ಇಲ್ಲಿಂದ. ಬೆಳಗ್ಗೆ ವಾರ್ಡುಗಳಲ್ಲಿ ರೋಗಿಗಳನ್ನು ನೋಡಿ, ಆ ರೋಗಿಗಳ ಉದಾಹರಣೆಯಿಂದಲೇ ಪಾಠವನ್ನು ಆರಂಭಿಸುವುದು ಅವರ ಕ್ರಮವಾಗಿತ್ತು. ರೋಗದ ಲಕ್ಷಣಗಳನ್ನು ಪುಸ್ತಕದಲ್ಲಿ ಓದುವುದಕ್ಕೆ ಮೊದಲು ಹಾಸಿಗೆಯ ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕೆಂದು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತಿದ್ದರು. ತಮ್ಮ ನಿರ್ಣಯ ತಪ್ಪಿದ್ದ ಸಂದರ್ಭಗಳನ್ನೂ ಪಾಠದಲ್ಲಿ ಮರೆಮಾಚದೆ ವಿವರಿಸುತ್ತಿದ್ದರು. 1856ರಲ್ಲಿ ವೈದ್ಯಕೀಯ ಅಕಾಡೆಮಿಯ ಸದಸ್ಯರಾಗಿ ಚುನಾಯಿತರಾದರು. ಷಾರ್ಲ್ ಲಾಸೇಗ್, ಜಾರ್ಜ್ ದ್ಯೂಲಾಫ್ವಾ ಮತ್ತು ಮಿಷೆಲ್ ಪೀಟರ್ ಅವರ ಶಿಷ್ಯರಲ್ಲಿ ಪ್ರಮುಖರು.

ವೈದ್ಯಶಾಸ್ತ್ರಕ್ಕೆ ನೀಡಿದ ಕೊಡುಗೆಗಳು

ಗಂಟಲಮಾರಿಯ ಚಿಕಿತ್ಸೆ: ಗಂಟಲಮಾರಿಯಲ್ಲಿ ಗಂಟಲೊಳಗೆ ಬೆಳೆಯುವ ಪೊರೆ ಉಸಿರಾಟದ ದಾರಿಯನ್ನು ಮುಚ್ಚಿ ಮಕ್ಕಳು ಉಸಿರುಗಟ್ಟಿ ಸಾಯುತ್ತಿದ್ದರು. ಕುತ್ತಿಗೆಯಲ್ಲಿ ಶ್ವಾಸನಾಳವನ್ನು ತೆರೆದು ಕೊಳವೆಯಿಡುವ ಶಸ್ತ್ರಚಿಕಿತ್ಸೆಯನ್ನು ಬ್ರೆತೊನೋ 1825ರಲ್ಲಿ ಯಶಸ್ವಿಯಾಗಿ ಮಾಡಿದ್ದರು. ಅದನ್ನು ಪ್ಯಾರಿಸ್‌ಗೆ ತಂದು ಬಳಕೆಗೆ ಬರುವಂತೆ ಮಾಡಿದವರು ಟ್ರೂಸೋ. ಅವರು ಇಂತಹ 200ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಮಾಡಿ, ಸುಮಾರು ನಾಲ್ಕರಲ್ಲಿ ಒಂದು ಪಾಲು ಮಕ್ಕಳನ್ನು ಉಳಿಸಿದರು. ಪ್ರತಿವಿಷ ಚುಚ್ಚುಮದ್ದಿಲ್ಲದ ಆ ಕಾಲದಲ್ಲಿ ಶಸ್ತ್ರಚಿಕಿತ್ಸೆ ಇಲ್ಲದಿದ್ದರೆ ಈ ಮಕ್ಕಳ ಸಾವು ಬಹುಮಟ್ಟಿಗೆ ನಿಶ್ಚಿತವಾಗಿದ್ದುದರಿಂದ ಇದು ದೊಡ್ಡ ಸಾಧನೆಯೆನಿಸಿತು. ಒಂದರೊಳಗೊಂದು ಕೂರುವ ಜೋಡಿ ಕೊಳವೆಯ ಬಳಕೆಯನ್ನೂ ಶಸ್ತ್ರಚಿಕಿತ್ಸೆಯ ನಂತರದ ಆರೈಕೆಯನ್ನೂ ಅವರು ಬಹು ಮುಖ್ಯವೆಂದು ಪರಿಗಣಿಸಿದರು. ಒಳಗಿನ ಕೊಳವೆ ಕಟ್ಟಿಕೊಂಡಾಗ ಅದನ್ನು ಮಾತ್ರ ಹೊರತೆಗೆದು ಶುಚಿಗೊಳಿಸಬಹುದಾಗಿತ್ತು.

ಎದೆಯ ನೀರು ತೆಗೆಯುವಿಕೆ: ಶ್ವಾಸಕೋಶದ ಸುತ್ತಲಿನ ಪೊರೆಯ ನಡುವೆ ನೀರು ತುಂಬಿಕೊಂಡಾಗ ಎದೆಗೆ ರಂಧ್ರ ಮಾಡಿ ಅದನ್ನು ಹೊರತೆಗೆಯುವ ಚಿಕಿತ್ಸೆಗೆ ಆಗಿನ ವೈದ್ಯರು ಅಂಜುತ್ತಿದ್ದರು. 1840ರ ದಶಕದಲ್ಲಿ ಟ್ರೂಸೋ ಅದನ್ನು ಬೆಂಬಲಿಸಿ, ಬಳಕೆಗೆ ತರಲು ಶ್ರಮಿಸಿದರು.

ರೋಗಗಳ ಹೆಸರುಗಳು: ಥೈರಾಯ್ಡ್ ಗ್ರಂಥಿ ಊದಿ ಕಣ್ಣುಗುಡ್ಡೆಗಳು ಮುಂಚಾಚುವ ರೋಗಕ್ಕೆ ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ ಅವರ ಹೆಸರನ್ನೂ, ಅಡ್ರಿನಲ್ ಗ್ರಂಥಿಗಳು ಕೆಟ್ಟು ಚರ್ಮ ಕಂದುಬಣ್ಣಕ್ಕೆ ತಿರುಗುವ ರೋಗಕ್ಕೆ ಇಂಗ್ಲೆಂಡಿನ ಥಾಮಸ್ ಅಡಿಸನ್ ಅವರ ಹೆಸರನ್ನೂ ಇಟ್ಟು ಪ್ರಚಾರಕ್ಕೆ ತಂದವರು ಟ್ರೂಸೋ. ಮಿದುಳಿನ ಹಾನಿಯಿಂದ ಮಾತು ಹೋಗುವ ಸ್ಥಿತಿಗೆ 1864ರಲ್ಲಿ ಅವರು ಸೂಚಿಸಿದ ಅಫೇಸಿಯ ಎಂಬ ಪದವೇ, ಪಾಲ್ ಬ್ರೋಕಾ ಅವರು ಮೊದಲು ಬಳಸಿದ್ದ ಪದವನ್ನು ಹಿಂದಕ್ಕೆ ಸರಿಸಿ, ಇಂದಿಗೂ ಉಳಿದಿದೆ.

ಟೆಟನಿಯ ಲಕ್ಷಣ: ರಕ್ತದಲ್ಲಿ ಕ್ಯಾಲ್ಸಿಯಂ ಕಡಮೆಯಾದವರ ತೋಳನ್ನು ಬಿಗಿಯಾಗಿ ಒತ್ತಿ ಹಿಡಿದರೆ ಅಂಗೈ ಮತ್ತು ಬೆರಳುಗಳು ಸೆಟೆದು ಮಡಚಿಕೊಳ್ಳುತ್ತವೆ. ಇದನ್ನು 1861ರಲ್ಲಿ ಅವರು ವರ್ಣಿಸಿದರು. ಇದಕ್ಕೂ ಟ್ರೂಸೋ ಚಿಹ್ನೆ ಎಂದೇ ಹೆಸರಿದೆ. ಕ್ಯಾನ್ಸರ್‌ಗೆ ಸಂಬಂಧಿಸಿದ ಟ್ರೂಸೋ ಲಕ್ಷಣ ಇದಕ್ಕಿಂತ ಬೇರೆಯಾದುದು. ಇವೆರಡನ್ನೂ ವಿದ್ಯಾರ್ಥಿಗಳು ಬೇರ್ಪಡಿಸಿ ನೆನಪಿಡಬೇಕಾಗುತ್ತದೆ.

ಕ್ಯಾನ್ಸರ್ ಮತ್ತು ರಕ್ತದ ಹೆಪ್ಪು

ಟ್ರೂಸೋ ಅವರ ಪ್ರಮುಖ ಕೃತಿ, ಒತೆಲ್ ದಿಯೂ ಆಸ್ಪತ್ರೆಯಲ್ಲಿ ಅವರು ನೀಡಿದ ಉಪನ್ಯಾಸಗಳ ಸಂಗ್ರಹ. ಇದರ ಮೊದಲ ಮುದ್ರಣ 1861ರಲ್ಲಿ ಹೊರಬಂದಿತು. 1865ರ ಎರಡನೆಯ ಮುದ್ರಣದಲ್ಲಿ ಫ್ಲೆಗ್ಮೇಸಿಯ ಆಲ್ಬ ಡೋಲೆನ್ಸ್ ಎಂಬ ಸ್ಥಿತಿಯನ್ನು ಕುರಿತ ಉಪನ್ಯಾಸವಿದೆ. ಕಾಲು ಊದಿ, ಬೆಳ್ಳಗಾಗಿ, ತೀವ್ರವಾಗಿ ನೋಯುವುದು ಇದರ ಲಕ್ಷಣ. ಅಭಿಧಮನಿಯೊಳಗೆ ರಕ್ತ ಹೆಪ್ಪುಗಟ್ಟಿ ಹರಿವು ತಡೆಯುವುದೇ ಇದಕ್ಕೆ ಕಾರಣ. ಬಾಣಂತಿಯರಲ್ಲಿ ಇದು ಕಾಣಿಸಿಕೊಳ್ಳುವುದನ್ನು ವೈದ್ಯರು ಬಹುಕಾಲದಿಂದ ಬಲ್ಲವರಾಗಿದ್ದರು. ಕ್ಷಯರೋಗಿಗಳಲ್ಲಿಯೂ ಇದು ಕಂಡುಬರುತ್ತಿತ್ತು.

ಕ್ಯಾನ್ಸರ್ ರೋಗಿಗಳಲ್ಲಿಯೂ ಇಂತಹ ಹೆಪ್ಪು ಮತ್ತೆ ಮತ್ತೆ ಕಾಣಿಸುವುದನ್ನು ಟ್ರೂಸೋ ಗಮನಿಸಿದರು. ಆದರೆ ಅವರ ಮುಖ್ಯ ಕೊಡುಗೆ ಇದರ ಮುಂದಿನ ಹೆಜ್ಜೆಯಲ್ಲಿದೆ. ಹೊಟ್ಟೆಯೊಳಗಿನ ಕಾಯಿಲೆ ಕ್ಯಾನ್ಸರೋ ಅಲ್ಲವೋ ಎಂದು ವೈದ್ಯರಿಗೆ ನಿಶ್ಚಯವಿಲ್ಲದಿರುವಾಗ, ಕೈಯಲ್ಲೋ ಕಾಲಿನಲ್ಲೋ ಕಾರಣವಿಲ್ಲದೆ ಅಭಿಧಮನಿ ಹೆಪ್ಪುಗಟ್ಟಿದರೆ, ಒಳಗೆ ಕ್ಯಾನ್ಸರ್ ಇದೆಯೆಂಬ ಸಂಶಯ ಬಲವಾಗಬೇಕು ಎಂದು ಅವರು ವಾದಿಸಿದರು. ಎಕ್ಸ್‌ರೇ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಯಾವುವೂ ಇಲ್ಲದ ಕಾಲದಲ್ಲಿ ಹೊಟ್ಟೆಯೊಳಗಿನ ಗಂತಿ ಕೈಗೆ ಸಿಗುವಷ್ಟು ಬೆಳೆಯುವವರೆಗೆ ಅದನ್ನು ತಿಳಿಯುವ ಬೇರೆ ದಾರಿ ಇರಲಿಲ್ಲ. ಕಣ್ಣಿಗೆ ಕಾಣುವ ಕಾಲಿನ ಊತವು ಕಣ್ಣಿಗೆ ಕಾಣದ ಗಂತಿಗೆ ಸಾಕ್ಷಿ ನುಡಿಯುತ್ತದೆ ಎಂಬುದು ಹೊಸ ತಿಳಿವಳಿಕೆಯಾಗಿತ್ತು.

ಹೆಪ್ಪುಗಟ್ಟುವುದಕ್ಕೆ ಅವರು ಕೊಟ್ಟ ಕಾರಣವೂ ಗಮನಾರ್ಹ. ಅಭಿಧಮನಿಯ ಗೋಡೆಯ ಉರಿಯೂತದಿಂದಲೇ ಹೆಪ್ಪು ಉಂಟಾಗುತ್ತದೆ ಎಂಬುದು ಆಗಿನ ಅನೇಕರ ನಂಬಿಕೆ. ಜರ್ಮನಿಯ ರುಡಾಲ್ಫ್ ವಿರ್ಶೋ 1856ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ನಂಬಿಕೆಯನ್ನು ಅಲುಗಾಡಿಸಿದ್ದವು. ಟ್ರೂಸೋ ಅವರ ಅಭಿಪ್ರಾಯದಲ್ಲಿ ಕ್ಯಾನ್ಸರ್ ರೋಗಿಯ ರಕ್ತದ ಗುಣವೇ ಬದಲಾಗಿರುತ್ತದೆ. ಉರಿಯೂತವಿಲ್ಲದಿದ್ದರೂ ಅದು ಹೆಪ್ಪುಗಟ್ಟಲು ಹವಣಿಸುತ್ತಿರುತ್ತದೆ. ರಕ್ತದಲ್ಲಿ ಬದಲಾಗುವುದು ಏನು ಎಂಬುದನ್ನು ತೋರಿಸುವ ಸಾಧನಗಳು ಅವರ ಕಾಲದಲ್ಲಿರಲಿಲ್ಲ. ಹೆಪ್ಪುಗಟ್ಟುವಿಕೆಯಲ್ಲಿ ಕಿರುತಟ್ಟೆಗಳ ಪಾತ್ರವನ್ನು ಆಗ ಯಾರೂ ಅರಿತಿರಲಿಲ್ಲ.

ಕೊನೆಯ ದಿನಗಳು

ಅರವತ್ತೈದರ ವಯಸ್ಸಿನಲ್ಲಿ ಟ್ರೂಸೋ ಅವರಿಗೆ ಹೊಟ್ಟೆಯ ತೊಂದರೆ ಕಾಣಿಸಿಕೊಂಡಿತು. ಅದರ ಸ್ವರೂಪದ ಬಗ್ಗೆ ನಿಶ್ಚಿತವಾಗಿ ಹೇಳಲಾಗದ ಸ್ಥಿತಿಯಲ್ಲಿ, 1867ರ ಆರಂಭದಲ್ಲಿ, ಅವರ ಅಭಿಧಮನಿಯೊಂದು ಹೆಪ್ಪುಗಟ್ಟಿ ಊದಿಕೊಂಡಿತು. ಎರಡು ವರ್ಷಗಳ ಹಿಂದೆ ಅಚ್ಚಾಗಿದ್ದ ತಮ್ಮ ಉಪನ್ಯಾಸದಲ್ಲಿ ಹೇಳಿದ್ದ ಪರಿಸ್ಥಿತಿಯೇ ಈಗ ಅವರೆದುರು ಇತ್ತು. ಇತರರ ವಿಷಯದಲ್ಲಿ ಅನ್ವಯಿಸಿದ ನಿಯಮವನ್ನು ಅವರು ತಮಗೆ ಮಾತ್ರ ಸಡಿಲಿಸಿಕೊಳ್ಳಲಿಲ್ಲ. ಶಿಷ್ಯ ಮಿಷೆಲ್ ಪೀಟರ್ ಅವರಿಗೆ ಆ ಊತವನ್ನು ತಿಳಿಸಿ, ತಮ್ಮ ರೋಗ ಯಾವುದೆಂಬುದರಲ್ಲಿ ಇನ್ನು ಅನುಮಾನ ಉಳಿದಿಲ್ಲವೆಂದೂ ತಾವು ಬದುಕುವುದಿಲ್ಲವೆಂದೂ ಹೇಳಿದರು ಎಂದು ತಿಳಿದುಬರುತ್ತದೆ.

ಅವರ ನಿರ್ಣಯ ಸರಿಯಾಗಿತ್ತು. ಅದೇ ವರ್ಷದ ಜೂನ್ ತಿಂಗಳಲ್ಲಿ ಅವರು ಪ್ಯಾರಿಸ್‌ನಲ್ಲಿ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡರು. ಪೆರ್ ಲಾಶೇಸ್ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ಅವರ ಮಗ ಜಾರ್ಜ್ ಟ್ರೂಸೋ ಕೂಡ ವೈದ್ಯರಾಗಿ, ಮುಂದೆ ಹವಾಯಿ ದ್ವೀಪಗಳಿಗೆ ತೆರಳಿ ಅಲ್ಲಿನ ರಾಜಮನೆತನದ ವೈದ್ಯರಾಗಿದ್ದರು.

ನಂತರದ ಬೆಳವಣಿಗೆಗಳು: ಕಿರುತಟ್ಟೆಗಳು ಮತ್ತು ಸ್ತನ ಕ್ಯಾನ್ಸರ್

ರಕ್ತದಲ್ಲಿ ಬದಲಾಗುವುದು ಏನು ಎಂಬ ಪ್ರಶ್ನೆಗೆ ಉತ್ತರದ ಮೊದಲ ತುಣುಕು ಟ್ರೂಸೋ ಅವರ ಮರಣದ ಹದಿನೈದು ವರ್ಷಗಳ ತರುವಾಯ ದೊರೆಯಿತು. ಇಟಲಿಯ ಜೂಲಿಯೋ ಬಿಜ್ಜೊಜೆರೊ 1881–82ರಲ್ಲಿ, ಕೆಂಪು ಮತ್ತು ಬಿಳಿ ರಕ್ತಕಣಗಳಲ್ಲದೆ ಮೂರನೆಯದೊಂದು ಬಗೆಯ ಸಣ್ಣ ಕಣಗಳು ರಕ್ತದಲ್ಲಿವೆಯೆಂದೂ ಗಾಯವಾದಲ್ಲಿ ಅವು ಒಂದಕ್ಕೊಂದು ಅಂಟಿ ಹೆಪ್ಪಿಗೆ ಬುನಾದಿ ಹಾಕುತ್ತವೆಯೆಂದೂ ತೋರಿಸಿದರು. ಇಂದು ಪ್ಲೇಟ್‌ಲೆಟ್ ಎಂಬ ಹೆಸರಿನಿಂದ ಪರಿಚಿತವಾಗಿರುವ ಈ ಕಿರುತಟ್ಟೆಗಳು ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5ರಿಂದ 4.5 ಲಕ್ಷದಷ್ಟಿರುತ್ತವೆ. ಒಂದೊಂದರ ಆಯುಸ್ಸು ಎಂಟರಿಂದ ಹತ್ತು ದಿನ.

ಸ್ತನ ಕ್ಯಾನ್ಸರ್ ಹರಡುವ ಬಗೆಯ ಅಧ್ಯಯನವೂ ಅದೇ ಕಾಲದಲ್ಲಿ ಬೆಳೆಯಿತು. 1889ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಪೇಜೆಟ್, ಸ್ತನ ಕ್ಯಾನ್ಸರ್‌ನಿಂದ ಮೃತಪಟ್ಟ 735 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ, ಗಂತಿಯ ಕೋಶಗಳು ಮನಬಂದಲ್ಲಿ ಬೇರೂರುವುದಿಲ್ಲ, ಬೀಜಕ್ಕೆ ಹದವಾದ ಮಣ್ಣು ಬೇಕಿರುವಂತೆ ಅವಕ್ಕೂ ಅನುಕೂಲವಾದ ಅಂಗ ಬೇಕಾಗುತ್ತದೆ ಎಂದು ತೋರಿಸಿದರು. ಆ ಬೀಜವು ರಕ್ತಪ್ರವಾಹದಲ್ಲಿ ನಾಶವಾಗದೆ ಮಣ್ಣನ್ನು ತಲುಪುವುದು ಹೇಗೆ ಎಂಬ ಪ್ರಶ್ನೆ ಉಳಿದಿತ್ತು. 1968ರಲ್ಲಿ ಗೇಬ್ರಿಯಲ್ ಗ್ಯಾಸಿಕ್ ಮತ್ತು ಸಂಗಡಿಗರು, ಇಲಿಗಳ ರಕ್ತದಲ್ಲಿ ಕಿರುತಟ್ಟೆಗಳನ್ನು ಕಡಮೆ ಮಾಡಿದಾಗ ಕ್ಯಾನ್ಸರ್ ಹರಡುವಿಕೆಯೂ ತಗ್ಗುತ್ತದೆ ಎಂಬುದನ್ನು ಪ್ರಯೋಗದಿಂದ ತೋರಿಸಿದರು.

ಮೂಲ ಗಂತಿಯಿಂದ ಕಳಚಿಕೊಂಡ ಕ್ಯಾನ್ಸರ್ ಕೋಶ ರಕ್ತನಾಳವನ್ನು ಸೇರಿದ ಕೂಡಲೇ ಕಿರುತಟ್ಟೆಗಳನ್ನು ಪ್ರಚೋದಿಸಿ ತನ್ನ ಸುತ್ತ ಅವುಗಳ ಹೊದಿಕೆಯನ್ನು ಕಟ್ಟಿಕೊಳ್ಳಬಲ್ಲದು ಎಂದು ಈಗ ತಿಳಿದಿದೆ. ಈ ಹೊದಿಕೆಯಿಂದ ಅದಕ್ಕೆ ಹಲವು ಲಾಭಗಳಿವೆ. ರಕ್ತದ ವೇಗದ ಪ್ರವಾಹದ ಹೊಡೆತದಿಂದ ಅದಕ್ಕೆ ರಕ್ಷಣೆ ದೊರೆಯುತ್ತದೆ. ಅಪಾಯಕಾರಿ ಕೋಶಗಳನ್ನು ಹುಡುಕಿ ಕೊಲ್ಲುವ ರೋಗನಿರೋಧಕ ಕೋಶಗಳ ಕಣ್ಣಿಗೆ ಅದು ಬೀಳುವುದಿಲ್ಲ. ರಕ್ತನಾಳದ ಗೋಡೆಗೆ ಅಂಟಿಕೊಳ್ಳುವುದೂ ಸುಲಭವಾಗುತ್ತದೆ. ಗಾಯವನ್ನು ಮಾಯಿಸಲೆಂದು ಕಿರುತಟ್ಟೆಗಳು ತಮ್ಮೊಳಗೆ ಕೂಡಿಟ್ಟಿರುವ ಬೆಳವಣಿಗೆಯ ದ್ರವ್ಯಗಳೂ ಕ್ಯಾನ್ಸರ್ ಕೋಶಕ್ಕೆ ದಕ್ಕುತ್ತವೆ. 2011ರಲ್ಲಿ ಪ್ರಕಟವಾದ, ಸ್ತನ ಕ್ಯಾನ್ಸರ್ ಕೋಶಗಳನ್ನೂ ಬಳಸಿ ಇಲಿಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಕಿರುತಟ್ಟೆಗಳಿಂದ ಬಿಡುಗಡೆಯಾಗುವ ಟಿಜಿಎಫ್ ಬೀಟಾ ಎಂಬ ದ್ರವ್ಯವು ಆ ಕೋಶಗಳನ್ನು ಹೆಚ್ಚು ಚಲಿಸುವ, ಅಂಗಾಂಶಗಳೊಳಗೆ ನುಗ್ಗುವ ರೂಪಕ್ಕೆ ತಿರುಗಿಸುವುದು ಕಂಡುಬಂದಿತು. ಸ್ತನ ಕ್ಯಾನ್ಸರ್ ಮೂಳೆಗಳಿಗೆ ಹರಡಿ ಮೂಳೆಯನ್ನು ಕೊರೆಯುವುದರಲ್ಲಿಯೂ ಕಿರುತಟ್ಟೆಗಳಿಂದ ಹೊರಬರುವ ಮತ್ತೊಂದು ದ್ರವ್ಯದ ಪಾತ್ರವನ್ನು 2004ರಲ್ಲಿ ಇಲಿಗಳ ಮೇಲಿನ ಅಧ್ಯಯನ ತೋರಿಸಿತ್ತು.

ಹೀಗೆ ಕ್ಯಾನ್ಸರ್ ಮತ್ತು ರಕ್ತದ ಸಂಬಂಧ ಎರಡು ಕಡೆಯಿಂದಲೂ ನಡೆಯುತ್ತದೆ. ಗಂತಿಯು ರಕ್ತವನ್ನು ಹೆಪ್ಪುಗಟ್ಟುವಂತೆ ಮಾಡುತ್ತದೆ. ಹೆಪ್ಪಿಗೆ ಕಾರಣವಾದ ಕಣಗಳು ಗಂತಿಯ ಹರಡುವಿಕೆಗೆ ನೆರವಾಗುತ್ತವೆ. ಟ್ರೂಸೋ ಕಂಡದ್ದು ಇದರ ಮೊದಲ ಅರ್ಧವನ್ನು.

ಈ ತಿಳಿವಳಿಕೆಯಿಂದ ಚಿಕಿತ್ಸೆಗೆ ನೇರ ದಾರಿ ಇನ್ನೂ ತೆರೆದಿಲ್ಲ. ಕಿರುತಟ್ಟೆಗಳು ಅಂಟಿಕೊಳ್ಳುವುದನ್ನು ತಡೆಯುವ ಆಸ್ಪಿರಿನ್ ಮಾತ್ರೆಯನ್ನು ದಿನಕ್ಕೆ 300 ಮಿಲಿಗ್ರಾಂನಂತೆ, ರೋಗ ಮರುಕಳಿಸುವ ಸಂಭವ ಹೆಚ್ಚಿದ್ದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ಅಮೆರಿಕದಲ್ಲಿ ದೊಡ್ಡ ಪರೀಕ್ಷೆಯೊಂದನ್ನು ನಡೆಸಲಾಯಿತು. 2024ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ರೋಗ ಮರುಕಳಿಸುವುದು ಆಸ್ಪಿರಿನ್‌ನಿಂದ ತಗ್ಗಲಿಲ್ಲ. ಕಿರುತಟ್ಟೆಗಳನ್ನು ತೀರ ಕುಗ್ಗಿಸಿದರೆ ರಕ್ತಸ್ರಾವದ ಅಪಾಯವಿರುವುದು ಇಂತಹ ಚಿಕಿತ್ಸೆಗಳ ಮುಂದಿರುವ ಮತ್ತೊಂದು ತೊಡಕು.

ಆದರೆ ಟ್ರೂಸೋ ಅವರ ಮೂಲ ಎಚ್ಚರಿಕೆ ಇಂದಿಗೂ ಬಳಕೆಯಲ್ಲಿದೆ. ಮೇದೋಜೀರಕ, ಜಠರ ಮತ್ತು ಶ್ವಾಸಕೋಶಗಳ ಕ್ಯಾನ್ಸರ್‌ನಲ್ಲಿ ಹೆಪ್ಪಿನ ಅಪಾಯ ಹೆಚ್ಚು. ಸ್ತನ ಕ್ಯಾನ್ಸರ್‌ನಲ್ಲಿ ಅದು ಅಷ್ಟಿಲ್ಲವಾದರೂ ಕಿಮೋಥೆರಪಿ ಮತ್ತು ಟಾಮಾಕ್ಸಿಫೆನ್‌ನಂತಹ ಔಷಧಗಳು ಅದನ್ನು ಹೆಚ್ಚಿಸುತ್ತವೆ. ಆದ್ದರಿಂದ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾಗುವುದು ಇವುಗಳನ್ನು ವೈದ್ಯರು ತಕ್ಷಣ ಪರೀಕ್ಷಿಸುತ್ತಾರೆ.

ಕೃತಿಗಳು ಮತ್ತು ಸ್ಮರಣೆ

ಟ್ರೂಸೋ ಅವರ ಉಪನ್ಯಾಸ ಸಂಗ್ರಹವು ಅವರ ಮರಣಾನಂತರವೂ ಮರುಮುದ್ರಣಗೊಂಡಿತು. ಲಂಡನ್ನಿನ ನ್ಯೂ ಸಿಡೆನ್‌ಹ್ಯಾಮ್ ಸೊಸೈಟಿ ಅದರ ಇಂಗ್ಲಿಷ್ ಅನುವಾದವನ್ನು 1868ರಿಂದ ಸಂಪುಟಗಳಲ್ಲಿ ಪ್ರಕಟಿಸಿತು. ಪ್ಯಾರಿಸ್‌ನಲ್ಲಿರುವ ಪ್ರಸಿದ್ಧ ಮಕ್ಕಳ ಆಸ್ಪತ್ರೆಯೊಂದಕ್ಕೆ ಅವರ ಹೆಸರನ್ನಿಡಲಾಗಿದೆ. ಗಂಟಲಮಾರಿಯಿಂದ ಉಸಿರುಗಟ್ಟುತ್ತಿದ್ದ ಮಕ್ಕಳಿಗಾಗಿ ದುಡಿದ ವೈದ್ಯರಿಗೆ ಅದು ಸೂಕ್ತ ಸ್ಮಾರಕವಾಗಿದೆ.